ಬಂಡೆಯ ಗೂಡಿನಲ್ಲಿ ಮನೆ ಕಟ್ಟಿದವರು ಯಾಕೆ ಬಿಟ್ಟು ಹೋದರು?

ಕ್ಯಾನ್ಯನ್ ಡಿ ಶೇ ಅಂಚಿನಲ್ಲಿ ನಿಂತು ಮೊದಲ ಸಲ ಕೆಳಗೆ ನೋಡಿದಾಗ ನಮಗೆ ಮನೆಗಳು ಕಾಣಿಸಲೇ ಇಲ್ಲ. ಕಂಡಿದ್ದು ಕೆಂಪು ಬಂಡೆಯ ಗೋಡೆ, ಅದರ ಮೇಲಿಂದ ಇಳಿದ ಕಪ್ಪು ಪಟ್ಟೆಗಳು, ತುಂಬಾ ಆಳದಲ್ಲಿ ಒಂದು ಮರಳು ಹಳ್ಳ, ಹಳ್ಳದ ದಡದಲ್ಲಿ ಹಸಿರು ಮರಗಳು. ಅಷ್ಟೇ. "ಎಲ್ಲಪ್ಪಾ ಮನೆ?" ಅಂತ ಅಮ್ಮ ಕೇಳಿದರು. ನಾನೂ ಹುಡುಕುತ್ತಲೇ ಇದ್ದೆ. ಪಕ್ಕದಲ್ಲಿದ್ದವರೊಬ್ಬರು ತಮ್ಮ ಬೈನಾಕ್ಯುಲರ್ ಕೊಟ್ಟು, ಕಪ್ಪು ಪಟ್ಟೆ ಮುಗಿಯುವ ಕಡೆ ನೋಡಿ ಅಂದರು. ನೋಡಿದರೆ ಬಂಡೆಯ ಕೆಳಭಾಗದಲ್ಲೊಂದು ಗೂಡು, ಗೂಡಿನೊಳಗೆ ಸಾಲಾಗಿ ಗೋಡೆಗಳು, ಚೌಕ ಬಾಗಿಲುಗಳು, ಒಂದು ಗೋಡೆಗೆ ಇನ್ನೂ ಉಳಿದಿರುವ ಬಿಳಿ ಗಾರೆ. ಅದೇ ವೈಟ್ ಹೌಸ್. ಮೇಲೆ ಹೊರಚಾಚಿದ ಇಡೀ ಬೆಟ್ಟ, ಕೆಳಗೆ ಪುಟ್ಟ ಮನೆ. ಮೈ ಜುಮ್ಮೆಂದಿತು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದವರನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗುವುದು ಮಾಮೂಲಿ. ಅದೇ ಅರಿಜೋನಾದ ಈಶಾನ್ಯ ಮೂಲೆಯಲ್ಲಿ, ಚಿನ್ಲಿ ಅನ್ನುವ ಊರಿನ ಪಕ್ಕದಲ್ಲೇ ಇರುವ ಈ ಕಣಿವೆಗೆ ಹೋಗುವವರು ಕಡಿಮೆ. ಹೋದವರಲ್ಲೂ ಬಹಳ ಜನ "ಏನೋ ಹಳೇ ಗೋಡೆಗಳು, ಜನ ಇದ್ದಕ್ಕಿದ್ದ ಹಾಗೆ ಮಾಯವಾದರಂತೆ" ಅಂದುಕೊಂಡು ವಾಪಸ್ ಬರುತ್ತಾರೆ. ಆ ಮಾತು ತಪ್ಪು. ಯಾರೂ ಮಾಯವಾಗಿಲ್ಲ. ಆ ಮನೆಗಳು ಯಾಕೆ ಅಲ್ಲಿವೆ, ಎಷ್ಟು ಹಳೆಯವು ಅಂತ ಹೇಗೆ ಗೊತ್ತಾಯಿತು, ಕಟ್ಟಿದವರು ಎಲ್ಲಿಗೆ ಹೋದರು ಅನ್ನುವುದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ಬಂಡೆಯಿಂದಲೇ ಶುರು ಮಾಡೋಣ, ಯಾಕೆಂದರೆ ಉಳಿದ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಈ ಕಣಿವೆಯ ಗೋಡೆಗಳು ಮರಳುಗಲ್ಲಿನವು. ಸುಮಾರು 28 ಕೋಟಿ ವರ್ಷದ ಹಿಂದೆ ಇಲ್ಲಿ ಗಾಳಿ ಗುಡ್ಡೆ ಹಾಕಿದ ಮರಳಿನ ದಿಬ್ಬಗಳಿದ್ದವು. ಅವು ಹೂತು, ಒತ್ತಡಕ್ಕೆ ಗಟ್ಟಿಯಾಗಿ ಕಲ್ಲಾದವು. ಹತ್ತಿರ ನಿಂತು ನೋಡಿದರೆ ಬಂಡೆಯ ಮೈಮೇಲೆ ಓರೆ ಓರೆಯಾಗಿ ಗೆರೆಗಳು ಕಾಣುತ್ತವೆ. ಅವು ಆ ಕಾಲದ ದಿಬ್ಬಗಳ ಇಳಿಜಾರು, ಗಾಳಿ ಬೀಸಿದ ಗುರುತು. ಮರಳಿನ ಕಾಳುಗಳನ್ನು ಅಂಟಿಸಿ ಹಿಡಿದಿರುವುದು ಸುಣ್ಣದಂಥ ಪದಾರ್ಥ. ಮಳೆ ನೀರು, ಕರಗಿದ ಹಿಮದ ನೀರು ಮೇಲಿನಿಂದ ಈ ಕಲ್ಲಿನೊಳಗೆ ನಿಧಾನವಾಗಿ ಇಳಿಯುತ್ತದೆ. ಕೆಳಗೆ ನೀರನ್ನು ಬಿಡದ ಗಟ್ಟಿ ಪದರ ಸಿಕ್ಕಿದರೆ ಅಡ್ಡಕ್ಕೆ ಹರಿದು ಗೋಡೆಯ ಮೈಯಿಂದ ಜಿನುಗುತ್ತದೆ. ಜಿನುಗುವ ಕಡೆ ಅಂಟು ಕರಗುತ್ತದೆ. ಚಳಿಗಾಲದಲ್ಲಿ ಅದೇ ನೀರು ಬಿರುಕಿನಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಬಂಡೆಯಲ್ಲಿ ಕಮಾನಿನ ಆಕಾರದ ಗೂಡು ಬೀಳುತ್ತದೆ. ಹಲವು ಗೂಡುಗಳ ಹಿಂಬದಿಯಲ್ಲಿ ಈಗಲೂ ಆ ಒರತೆ ಇರುತ್ತದೆ. ಅಂದರೆ ಮನೆ ಕಟ್ಟಲು ಜಾಗ ಮಾಡಿಕೊಟ್ಟಿದ್ದೂ ಕುಡಿಯಲು ನೀರು ಕೊಟ್ಟಿದ್ದೂ ಒಂದೇ ಜಿನುಗು!

ಬಾದಾಮಿ ನೋಡಿದವರಿಗೆ ಕೆಂಪು ಮರಳುಗಲ್ಲು ಹೊಸದಲ್ಲ. ಆದರೆ ಅಲ್ಲಿ ಉಳಿ ಹಿಡಿದು ಬಂಡೆಯನ್ನು ಕೊರೆದು ಗುಹೆ ಮಾಡಿದರು. ಇಲ್ಲಿ ಗುಹೆ ಪ್ರಕೃತಿಯದ್ದು, ಅದರೊಳಗೆ ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟಿದ್ದು ಮನುಷ್ಯರು. ಇದೊಂದು ವ್ಯತ್ಯಾಸ ತಲೆಯಲ್ಲಿದ್ದರೆ ಸಾಕು.

ಎಲ್ಲ ಗೂಡುಗಳಲ್ಲೂ ಮನೆ ಕಟ್ಟಿಲ್ಲ. ಹೆಚ್ಚಾಗಿ ದಕ್ಷಿಣಕ್ಕೆ ಮುಖ ಮಾಡಿದವನ್ನೇ ಆರಿಸಿಕೊಂಡಿದ್ದಾರೆ. ಕಾರಣ ಸರಳ. ಇಲ್ಲಿ ಬೇಸಿಗೆಯ ನಡುಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ 77 ಡಿಗ್ರಿ ಎತ್ತರದಲ್ಲಿರುತ್ತಾನೆ, ಬಂಡೆಯ ಚಾವಣಿ ಅಡ್ಡ ಬಂದು ಮನೆಗೆಲ್ಲ ನೆರಳು. ಚಳಿಗಾಲದಲ್ಲಿ ಸುಮಾರು 30 ಡಿಗ್ರಿಗೆ ಇಳಿಯುತ್ತಾನೆ, ಆಗ ಬಿಸಿಲು ಗೂಡಿನ ಹಿಂಬದಿಯವರೆಗೂ ನುಗ್ಗುತ್ತದೆ. ಹಗಲು ಕಾದ ಕಲ್ಲು ರಾತ್ರಿ ಬಿಸಿ ಬಿಡುತ್ತದೆ. ಮರುಭೂಮಿ ಅಂದರೆ ಬರೀ ಸೆಕೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ, ಇದು ಸಮುದ್ರಮಟ್ಟದಿಂದ 5,500 ಅಡಿಗಿಂತ ಮೇಲಿರುವ ಮರುಭೂಮಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಮನೆ ಕಟ್ಟಿದ ರೀತಿ ನಮಗೆ ಅಷ್ಟೇನೂ ದೂರದ್ದಲ್ಲ. ಮರಳುಗಲ್ಲನ್ನು ಇಟ್ಟಿಗೆಯ ಹಾಗೆ ಒಡೆದು, ಕೆಸರಿನ ಗಾರೆಯಲ್ಲಿ ಕೂರಿಸಿ, ಸಂದಿಗಳಿಗೆ ಚಿಕ್ಕ ಚಿಕ್ಕ ಕಲ್ಲಿನ ಚೂರು ತುರುಕಿದ್ದಾರೆ. ಮೇಲೆ ದಪ್ಪ ತೊಲೆ, ಅದರ ಮೇಲೆ ಅಡ್ಡ ಜಂತೆ, ಕಡ್ಡಿ, ತೊಗಟೆ, ಕೊನೆಗೆ ಮಣ್ಣು. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದ ಅಮ್ಮನಿಗೆ ಇದನ್ನು ವಿವರಿಸುವ ಕೆಲಸವೇ ಬೀಳಲಿಲ್ಲ. ಇಂಥ ಮನೆಗಳ ಗಾರೆಯಲ್ಲಿ ಕೆಲವು ಕಡೆ ಬೆರಳಿನ ಗುರುತುಗಳು ಹಾಗೇ ಉಳಿದಿವೆ. ಹಸಿ ಕೆಸರನ್ನು ಒತ್ತಿ ಒತ್ತಿ ಕೂರಿಸಿದ ಬೆರಳು. ಸಂದಿಯಲ್ಲಿ ಕಲ್ಲು ಸಾಲದ ಕಡೆ ಜೋಳದ ದಿಂಡು ತುರುಕಿರುವುದೂ ಉಂಟು. ಗೋಡೆ ಕಟ್ಟುತ್ತಾ ಕಟ್ಟುತ್ತಾ ಯಾರೋ ಸುಟ್ಟ ತೆನೆ ತಿಂದು, ಕೈಯಲ್ಲಿದ್ದ ದಿಂಡನ್ನು ಅಲ್ಲೇ ಸಿಕ್ಕಿಸಿರಬಹುದು ಅಂತ ನನಗೆ ಅನ್ನಿಸುತ್ತದೆ. ಬಾಗಿಲುಗಳು ಚಿಕ್ಕವು, ಬಗ್ಗಿ ನುಗ್ಗಬೇಕು. ಬಾಗಿಲು ಚಿಕ್ಕದಾದಷ್ಟೂ ಒಳಗಿನ ಬಿಸಿ ಹೊರಗೆ ಹೋಗುವುದು ಕಡಿಮೆ. ವೈಟ್ ಹೌಸ್‌ನಲ್ಲಿ ಕಣಿವೆಯ ನೆಲದಲ್ಲೂ ಒಂದು ಕಟ್ಟಡವಿದೆ. ಅದು ಹಿಂದೆ ನಾಲ್ಕು ಅಂತಸ್ತು ಇತ್ತು, ಅದರ ಮಾಳಿಗೆಯ ಮೇಲಿಂದ ಏಣಿ ಹಾಕಿ ಮೇಲಿನ ಗೂಡಿಗೆ ಹತ್ತುತ್ತಿದ್ದರು. ಬೇರೆ ಕಡೆ ಬಂಡೆಯಲ್ಲೇ ಕೈಗೂ ಕಾಲಿಗೂ ಹಿಡಿತ ಸಿಗುವ ಹಾಗೆ ಪುಟ್ಟ ಗುಳಿಗಳನ್ನು ಕೊರೆದಿದ್ದಾರೆ. ಬೆನ್ನಿಗೆ ನೀರಿನ ಕೊಡ ಕಟ್ಟಿಕೊಂಡು ಅದರಲ್ಲಿ ಹತ್ತಿ ಇಳಿಯುವುದನ್ನು ಸುಮ್ನೆ ಊಹಿಸಿ ನೋಡಿ.

ಮನೆಗಳ ಮುಂದೆ ನೆಲದಲ್ಲಿ ದುಂಡಗಿನ ಗುಂಡಿ ಕಾಣುತ್ತದೆ. ಅದು ಬಾವಿಯಲ್ಲ, ಕಣಜವೂ ಅಲ್ಲ. ಅದರ ಹೆಸರು ಕಿವಾ. ಪೂಜೆ, ಮಾತುಕತೆ, ಚಳಿಗಾಲದ ಕೆಲಸ ಎಲ್ಲದಕ್ಕೂ ಸೇರುತ್ತಿದ್ದ ಕೋಣೆ. ಆಗ ಮೇಲೆ ಚಾವಣಿ ಇತ್ತು, ಚಾವಣಿಯ ನಡುವಿನ ಕಿಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕಿತ್ತು. ಅದರ ಗಾಳಿಯ ಏರ್ಪಾಡನ್ನು ನೋಡಿ ನಾನು ಬೆರಗಾದೆ. ನೆಲದ ನಡುವೆ ಒಲೆ. ಒಲೆಯ ಹೊಗೆ ಏಣಿಯ ಕಿಂಡಿಯಿಂದ ಮೇಲೆ ಹೋಗುತ್ತದೆ. ಹೊಗೆ ಹೊರಗೆ ಹೋದರೆ ಹೊಸ ಗಾಳಿ ಒಳಗೆ ಬರಲೇಬೇಕು, ಅದಕ್ಕೆ ಪಕ್ಕದ ಗೋಡೆಯಲ್ಲಿ ಮೇಲಿಂದ ಇಳಿದು ಬರುವ ಒಂದು ಕೊಳವೆ. ಆದರೆ ಗಾಳಿ ನೇರ ಒಲೆಗೆ ಬಡಿದರೆ ಬೆಂಕಿ ಚೆಲ್ಲಾಪಿಲ್ಲಿ. ಅದಕ್ಕೇ ಕೊಳವೆಯ ಬಾಯಿಗೂ ಒಲೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಗಾಳಿ ಅದಕ್ಕೆ ತಗುಲಿ ಎರಡೂ ಕಡೆ ಹರಡಿ ಕೋಣೆ ತುಂಬುತ್ತದೆ. ಒಲೆಯ ಆಚೆ ನೆಲದಲ್ಲಿ ಇನ್ನೊಂದು ಪುಟ್ಟ ಗುಳಿ ಇರುತ್ತದೆ, ಸಿಪಾಪು ಅನ್ನುತ್ತಾರೆ. ಮನುಷ್ಯರು ಕೆಳಗಿನ ಲೋಕದಿಂದ ಈ ಲೋಕಕ್ಕೆ ಹತ್ತಿ ಬಂದ ದಾರಿಯ ಗುರುತು ಅದು. ಇಂದಿಗೂ ಹೋಪಿ ಮತ್ತು ಬೇರೆ ಪ್ಯೂಬ್ಲೋ ಅನ್ನುವ ಮೂಲನಿವಾಸಿಗಳ ಊರುಗಳಲ್ಲಿ ಕಿವಾಗಳಿವೆ, ಬಳಕೆಯಲ್ಲಿವೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನು ಕಾಲದ ಲೆಕ್ಕ. ಬರಹವಿಲ್ಲ, ಶಾಸನವಿಲ್ಲ, ನಾಣ್ಯವಿಲ್ಲ. ಹಾಗಿದ್ದರೂ ಇಂಥ ಮನೆಯ ತೊಲೆಯನ್ನು ಯಾವ ವರ್ಷ ಕಡಿದರು ಅಂತ ಇಸವಿ ಸಮೇತ ಹೇಳುತ್ತಾರೆ. ಅದು ಹೇಗೆ?

ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲ, ಬರ ಬಿದ್ದ ವರ್ಷ ತೆಳ್ಳಗೆ. ಒಂದೇ ಪ್ರದೇಶದ ಮರಗಳೆಲ್ಲ ಒಂದೇ ಮಳೆ, ಒಂದೇ ಬರ ಕಂಡಿರುತ್ತವೆ. ಹಾಗಾಗಿ ಅಗಲ, ಅಗಲ, ತೆಳು, ಅಗಲ, ತೆಳು, ತೆಳು ಅನ್ನುವ ಸಾಲು ಎಲ್ಲ ಮರದಲ್ಲೂ ಒಂದೇ ತರಹ. ಇವತ್ತು ಬದುಕಿರುವ ಮರದ ಒಳಗಿನ ಉಂಗುರಗಳು ಇನ್ನೊಂದು ಹಳೇ ಮರದ ಹೊರಗಿನ ಉಂಗುರಗಳ ಜೊತೆ ಹೊಂದಿದರೆ ಲೆಕ್ಕ ಹಿಂದಕ್ಕೆ ಹೋಗುತ್ತದೆ. ಅದರಿಂದ ಇನ್ನೂ ಹಳೆಯದಕ್ಕೆ. ಸರಪಳಿಯ ಕೊಂಡಿ ಹಾಕಿದ ಹಾಗೆ. ಇದನ್ನು ಮೊದಲು ಮಾಡಿದ್ದು ಎ. ಇ. ಡಗ್ಲಸ್ ಅನ್ನುವ ಖಗೋಳ ವಿಜ್ಞಾನಿ. ಅವರಿಗೆ ಬೇಕಿದ್ದದ್ದು ಸೂರ್ಯನ ಕಲೆಗಳಿಗೂ ಭೂಮಿಯ ಮಳೆಗೂ ಸಂಬಂಧ ಇದೆಯಾ ಅನ್ನುವ ಉತ್ತರ, ಅದಕ್ಕಾಗಿ ಮರದ ಉಂಗುರ ಎಣಿಸಲು ಶುರು ಮಾಡಿದರು. 1920ರ ದಶಕದ ಕೊನೆಯ ಹೊತ್ತಿಗೆ ಅವರ ಬಳಿ ಎರಡು ಸರಪಳಿ ಇದ್ದವು. ಒಂದು ಇವತ್ತಿನಿಂದ ಹಿಂದಕ್ಕೆ ಹೋಗಿ 13ನೇ ಶತಮಾನದ ಹತ್ತಿರ ನಿಂತುಹೋಗಿತ್ತು. ಇನ್ನೊಂದು ಹಳೇ ಮನೆಗಳ ತೊಲೆಗಳದ್ದು, ಐನೂರು ವರ್ಷಕ್ಕೂ ಉದ್ದ, ಆದರೆ ಯಾವ ಇಸವಿಯದ್ದು ಅಂತ ಗೊತ್ತಿಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. 1929ರ ಜೂನ್ 22ರಂದು ಅರಿಜೋನಾದ ಶೋ ಲೋ ಅನ್ನುವ ಊರಲ್ಲಿ ಅರ್ಧ ಸುಟ್ಟ ಒಂದು ತೊಲೆ ಸಿಕ್ಕಿತು. ಅದಕ್ಕೆ ಎಚ್‌ಎಚ್-39 ಅಂತ ನಂಬರು. ಅದರ ಉಂಗುರಗಳು ಎರಡೂ ಸರಪಳಿಗೆ ಹೊಂದಿದವು. ಒಂದು ಸುಟ್ಟ ಮರದ ತುಂಡಿನಿಂದ ಆ ಇಡೀ ಸೀಮೆಯ ಹಳೇ ಮನೆಗಳಿಗೆಲ್ಲ ಇಸವಿ ಬಂತು!

ತೊಲೆಯ ಹೊರಗಿನ ಉಂಗುರ ಉಳಿದಿದ್ದರೆ ಅದು ಮರ ಕಡಿದ ವರ್ಷ. ಇಂಥ ಲೆಕ್ಕದಿಂದ ಏನೇನು ತಿಳಿಯಬಹುದು ಅನ್ನುವುದಕ್ಕೆ ಈ ಕಣಿವೆಯ ವಾಯವ್ಯಕ್ಕಿರುವ ಬೆಟಾಟಾಕಿನ್ ಅನ್ನುವ ಇಂಥದ್ದೇ ಬಂಡೆಗೂಡಿನ ಊರು ಒಳ್ಳೇ ಉದಾಹರಣೆ. ಅಲ್ಲಿ ಕೆಲವೇ ಮನೆಗಳಿದ್ದ ಕಾಲಕ್ಕೇ, 1269ರಲ್ಲಿ ಮತ್ತು 1272ರಲ್ಲಿ, ಬಹಳಷ್ಟು ಮರ ಕಡಿದು ಒಟ್ಟಿಟ್ಟಿದ್ದಾರೆ. ಅದನ್ನು ಬಳಸಿ ಜೋರಾಗಿ ಮನೆ ಕಟ್ಟಿದ್ದು 1275ರಿಂದ. ಅಂದರೆ ಮುಂಚೆ ಬಂದ ಕೆಲವರು ಜಾಗ ನೋಡಿ, ಮರ ಕಡಿದು ಒಣಗಲು ಬಿಟ್ಟು, ಹಿಂದೆ ಬರುವ ತಮ್ಮವರಿಗಾಗಿ ತಯಾರಿ ಮಾಡಿಕೊಂಡಿದ್ದರು. ಹೆದರಿ ಗುಹೆ ಸೇರಿದವರ ಲಕ್ಷಣ ಇದಲ್ಲ. ಸೈಟ್ ತೆಗೆದುಕೊಂಡು, ಸಾಮಾನು ಹೊಂದಿಸಿ, ಬಂಧುಗಳಿಗೆ ಹೇಳಿಕಳಿಸಿದವರ ಲಕ್ಷಣ.

ಇಷ್ಟು ಅಚ್ಚುಕಟ್ಟಾಗಿ ಕಟ್ಟಿದವರು 1300ರ ಹೊತ್ತಿಗೆ ಇಡೀ ಪ್ರದೇಶವನ್ನೇ ಬಿಟ್ಟಿದ್ದರು. ಇಲ್ಲೂ, ಬೆಟಾಟಾಕಿನ್‌ನಲ್ಲೂ, ಕೊಲೊರಾಡೋದ ಮೆಸಾ ವರ್ಡೆಯಲ್ಲೂ. ಮೆಸಾ ವರ್ಡೆಯ ಕ್ಲಿಫ್ ಪ್ಯಾಲೇಸ್‌ನಲ್ಲಿ ಸುಮಾರು 150 ಕೋಣೆಗಳಿವೆ, ಅಷ್ಟನ್ನೂ ಕಟ್ಟಿ ಬಾಳಿದ್ದು ನೂರು ವರ್ಷದ ಒಳಗೆ. ಕಾರಣ ಏನು ಅಂದರೆ ಮತ್ತೆ ಮರದ ಉಂಗುರವೇ ಸಾಕ್ಷಿ. 1276ರಿಂದ 1299ರವರೆಗೆ ಉಂಗುರಗಳು ತೆಳ್ಳಗೆ, ಒಂದರ ಹಿಂದೆ ಒಂದು. ದೊಡ್ಡ ಬರ. ಇವರ ಊಟ ನಿಂತಿದ್ದು ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳದ ಮೇಲೆ. ಎಲ್ಲ ಮಳೆಯನ್ನೇ ನಂಬಿದ ಬೆಳೆ.

ಆದರೆ ಬರ ಒಂದೇ ಕಾರಣ ಅಂತ ನಾನು ಒಪ್ಪುವುದಿಲ್ಲ, ಈ ವಿಷಯವನ್ನು ಅಧ್ಯಯನ ಮಾಡಿದವರಲ್ಲೂ ಹೆಚ್ಚಿನವರು ಒಪ್ಪುವುದಿಲ್ಲ. ಹಿಂದಿನ ಬರಗಳಲ್ಲಿ ಜನ ಹೇಗೋ ತಡೆದುಕೊಂಡಿದ್ದರು. ಈ ಸಲ ಜನ ಜಾಸ್ತಿ ಇದ್ದರು, ಸೌದೆ ಕಡಿಮೆಯಾಗಿತ್ತು, ಬೇಟೆ ಕಡಿಮೆಯಾಗಿತ್ತು. ಕೆಲವು ಊರುಗಳಲ್ಲಿ ಹೊಡೆದಾಟ ನಡೆದು ಜನ ಸತ್ತ ಗುರುತುಗಳೂ ಸಿಕ್ಕಿವೆ. ಅದೇ ಹೊತ್ತಿಗೆ ದಕ್ಷಿಣದಲ್ಲಿ, ಪೂರ್ವದ ರಿಯೋ ಗ್ರಾಂಡೆ ನದಿಯ ದಂಡೆಯಲ್ಲಿ ದೊಡ್ಡ ಊರುಗಳು ಬೆಳೆಯುತ್ತಿದ್ದವು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹೊರಟರೆ ಉಳಿದವರು ಎಷ್ಟು ದಿನ ಇರುತ್ತಾರೆ? ಮದುವೆ ಸಂಬಂಧ, ಹಬ್ಬ, ಕಷ್ಟಕ್ಕೆ ಕಾಳುಕಡ್ಡಿಯ ಸಾಲ, ಇವೆಲ್ಲ ನೆರೆಹೊರೆ ಇದ್ದರೆ ತಾನೇ. ಗುಳೆ ಹೊರಟ ಊರುಗಳನ್ನು ನೋಡಿದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಹಾಗೆ ಹೋದವರ ಮೊಮ್ಮಕ್ಕಳ ಮಕ್ಕಳೇ ಇವತ್ತಿನ ಹೋಪಿ, ಜೂನಿ, ಆಕೊಮಾ ಮತ್ತು ರಿಯೋ ಗ್ರಾಂಡೆಯ ಪ್ಯೂಬ್ಲೋ ಜನ. ಆಗಲೇ ಹೇಳಿದ ಕಿವಾ ಈಗಲೂ ಅವರಲ್ಲಿರುವುದು ಅದಕ್ಕೇ. ಹೋಪಿಗಳು ಈ ಹಳೇ ಮನೆಗಳನ್ನು ತಮ್ಮ ಹಿರಿಯರ ಹೆಜ್ಜೆಗುರುತು ಅನ್ನುತ್ತಾರೆ. ಒಂದು ಕಡೆ ಇದ್ದು, ಕಾಲ ಬಂದಾಗ ಹೊರಟು, ಕೊನೆಗೆ ತಮ್ಮ ನೆಲೆ ಸೇರುವುದು ಅವರ ಕಥೆಯಲ್ಲಿ ಮೊದಲಿನಿಂದಲೂ ಇರುವ ದಾರಿ. ಹಳೇ ಪುಸ್ತಕಗಳಲ್ಲಿ ಇವರಿಗೆ ಅನಸಾಜಿ ಅನ್ನುವ ಹೆಸರಿದೆ. ಅದು ಇಲ್ಲಿನ ಇನ್ನೊಂದು ಮೂಲನಿವಾಸಿ ಜನರಾದ ನವಾಹೋಗಳ ಮಾತು, ಹೆಚ್ಚುಕಡಿಮೆ "ಶತ್ರುಗಳ ಪೂರ್ವಜರು" ಅಂತ ಅರ್ಥ. ತಮ್ಮ ಅಜ್ಜ ಅಜ್ಜಿಯರನ್ನು ಹಾಗೆ ಕರೆದರೆ ಯಾರಿಗೆ ಹಿಡಿಸುತ್ತದೆ? ಈಗ ಪ್ಯೂಬ್ಲೋ ಪೂರ್ವಜರು ಅಂತಲೇ ಹೇಳುವುದು ವಾಡಿಕೆ.

ಹಾಗಾದರೆ ಈ ಕಣಿವೆ ಈಗ ಯಾರದ್ದು? ನವಾಹೋಗಳದ್ದು. ಅವರು ಪ್ಯೂಬ್ಲೋ ಜನರಿಗಿಂತ ತುಂಬಾ ಕಾಲದ ನಂತರ ಇಲ್ಲಿಗೆ ಬಂದವರು. ಕಣಿವೆಯನ್ನು ತ್ಸೇಯಿ ಅನ್ನುತ್ತಾರೆ, ಬಂಡೆಯ ಒಳಗೆ ಅಂತ ಅರ್ಥ. ಆ ಮಾತನ್ನು ಸ್ಪ್ಯಾನಿಷರು ತಮ್ಮ ನಾಲಿಗೆಗೆ ತಿರುಗಿಸಿಕೊಂಡಿದ್ದೇ "ಡಿ ಶೇ" ಆಯಿತು. 1931ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು, ಆದರೆ ನೆಲ ಇಂದಿಗೂ ನವಾಹೋ ಜನರದ್ದೇ. ಕಣಿವೆಯೊಳಗೆ ಅವರ ಹೊಲಗಳಿವೆ, ಕುರಿಗಳಿವೆ, ಬೇಸಿಗೆ ಮನೆಗಳಿವೆ.

ಇಲ್ಲಿ ಅವರು ಪಟ್ಟ ಪಾಡೂ ಕಡಿಮೆಯಿಲ್ಲ. 1805ರಲ್ಲಿ ಸ್ಪ್ಯಾನಿಷ್ ಸೈನಿಕರು ಬಂಡೆಯ ಗೂಡೊಂದರಲ್ಲಿ ಅಡಗಿದ್ದವರ ಮೇಲೆ ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಗಂಡಸರು ಬೇಟೆಗೆ ಹೋಗಿದ್ದರು, ಸತ್ತವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು ಅಂತ ನವಾಹೋಗಳು ಹೇಳುತ್ತಾರೆ. 1864ರಲ್ಲಿ ಕಿಟ್ ಕಾರ್ಸನ್ ನೇತೃತ್ವದ ಅಮೆರಿಕದ ಸೇನೆ ಮನೆ ಸುಟ್ಟು, ಹೊಲ ಹಾಳು ಮಾಡಿ, ಆ ವರ್ಷವೇ ಸಾವಿರಾರು ಪೀಚ್ ಮರಗಳನ್ನೂ ಕಡಿದು ಹಾಕಿತು. ಆ ಚಳಿಗಾಲದಲ್ಲಿ ಒಂದಷ್ಟು ಜನ ಕೋಟೆಬಂಡೆ ಅನ್ನುವ ಎತ್ತರದ ಕಲ್ಲಿನ ನೆತ್ತಿ ಹತ್ತಿ ಕೂತರು. ನೀರು ಮುಗಿದಾಗ, ಕೆಳಗೆ ಸೈನಿಕರು ಮಲಗಿದ್ದ ಹೊತ್ತಿನಲ್ಲಿ, ಬಂಡೆಯ ಮೈಯುದ್ದಕ್ಕೂ ಒಬ್ಬರ ಕೆಳಗೊಬ್ಬರು ಸಾಲಾಗಿ ನಿಂತು, ಯುಕ್ಕಾ ಅನ್ನುವ ಗಿಡದ ನಾರಿನ ಹಗ್ಗಕ್ಕೆ ಸೋರೆ ಬುರುಡೆ ಕಟ್ಟಿ ಹೊಳೆಯಿಂದ ನೀರು ಸೇದಿ ಕೈಯಿಂದ ಕೈಗೆ ದಾಟಿಸಿದರಂತೆ. ಹಿರಿಯರು ಮಕ್ಕಳಿಗೆ ಹೇಳುತ್ತಾ ಬಂದ ಕಥೆ ಇದು. ಉಳಿದ ಸಾವಿರಾರು ಜನರನ್ನು ನ್ಯೂ ಮೆಕ್ಸಿಕೋದ ಬಯಲಿಗೆ ನಡೆಸಿಕೊಂಡು ಹೋದರು, ದಾರಿಯಲ್ಲೂ ಅಲ್ಲೂ ಬಹಳ ಜನ ಸತ್ತರು. 1868ರ ಒಪ್ಪಂದದ ನಂತರವೇ ಅವರು ತಮ್ಮ ನೆಲಕ್ಕೆ ಮರಳಿದ್ದು.

ಅದಕ್ಕೇ ಕಣಿವೆಯ ತಳಕ್ಕೆ ಇಳಿಯಬೇಕಾದರೆ ಅನುಮತಿ ಪಡೆದ ನವಾಹೋ ಗೈಡ್ ಜೊತೆಗೇ ಹೋಗಬೇಕು ಅನ್ನುವ ನಿಯಮ ಇದೆ. ದುಡ್ಡು ಕೀಳುವ ದಾರಿ ಅಂತ ಕೆಲವರು ಗೊಣಗುವುದನ್ನು ಕೇಳಿದ್ದೇನೆ. ನೀವು ಹಾದುಹೋಗುವುದು ಒಬ್ಬರ ಹೊಲದ ಬದಿಯಲ್ಲಿ, ಇನ್ನೊಬ್ಬರ ಅಂಗಳದ ಮುಂದೆ. ಮನೆಯವರು ಜೊತೆಯಲ್ಲಿರುವುದೇ ಸರಿ. ಹಳ್ಳದಲ್ಲಿ ವಾಹನ ಹೂತುಹೋಗುವಂಥ ಕುಸಿಮರಳೂ ಇದೆ, ಎಲ್ಲಿ ದಾಟಬೇಕು ಅನ್ನುವುದು ಅವರಿಗೇ ಗೊತ್ತು. ಅಂಚಿನ ಎರಡು ರಸ್ತೆಗಳಲ್ಲಿ ನೀವೇ ಕಾರಿನಲ್ಲಿ ಹೋಗಬಹುದು, ಪ್ರವೇಶ ಶುಲ್ಕ ಇಲ್ಲ. ಉತ್ತರದ ರಸ್ತೆಗೆ ಬೆಳಗ್ಗೆ, ದಕ್ಷಿಣದ್ದಕ್ಕೆ ಮಧ್ಯಾಹ್ನದ ಮೇಲೆ ಹೋದರೆ ಬೆಳಕು ಚೆನ್ನಾಗಿರುತ್ತದೆ. ದಕ್ಷಿಣದ ರಸ್ತೆಯ ತುದಿಯಲ್ಲಿ ಸ್ಪೈಡರ್ ರಾಕ್ ಇದೆ, ಸುಮಾರು 230 ಮೀಟರ್ ಎತ್ತರದ ಒಂಟಿ ಕಲ್ಲುಕಂಬ. ನೇಯ್ಗೆ ಕಲಿಸಿದ ಜೇಡದಮ್ಮ ಅದರ ನೆತ್ತಿಯಲ್ಲಿದ್ದಾಳೆ ಅಂತ ನವಾಹೋಗಳ ನಂಬಿಕೆ. ಬೈನಾಕ್ಯುಲರ್ ಮರೆಯಬೇಡಿ. ನೀರು ಜಾಸ್ತಿ ಇಟ್ಟುಕೊಳ್ಳಿ. ವೈಟ್ ಹೌಸ್‌ಗೆ ಇಳಿಯುವ ಕಾಲುದಾರಿ ತೆರೆದಿದೆಯಾ ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಗುಡುಗು ಮಳೆಗೆ ಹಳ್ಳ ಒಮ್ಮೆಲೇ ತುಂಬುತ್ತದೆ. ಗಡಿಯಾರದ ವಿಷಯದಲ್ಲೂ ಹುಷಾರು. ಅರಿಜೋನಾದ ಉಳಿದ ಕಡೆ ಬೇಸಿಗೆಯಲ್ಲಿ ಗಂಟೆ ಮುಂದೆ ಹಾಕುವುದಿಲ್ಲ, ನವಾಹೋ ಸೀಮೆಯಲ್ಲಿ ಹಾಕುತ್ತಾರೆ. ಫೀನಿಕ್ಸ್‌ನಿಂದ ಬಂದ ನಾವು ಇದು ಗೊತ್ತಿಲ್ಲದೆ ಒಂದು ಗಂಟೆ ತಡವಾಗಿ ಹೋದೆವು, ಪಾಪ ಗೈಡ್ ಕಾದಿದ್ದರು. ಮದ್ಯ ನವಾಹೋ ನೆಲದಲ್ಲಿ ನಿಷಿದ್ಧ. ಮನೆಗಳನ್ನು, ಜನರನ್ನು ಕೇಳದೆ ಫೋಟೋ ತೆಗೆಯಬೇಡಿ. ಹಳೇ ಮನೆಗಳೊಳಗೆ ಯಾರೂ ಹೋಗುವ ಹಾಗಿಲ್ಲ. ಸತ್ತವರ ಜಾಗ ಅಂತ ನವಾಹೋಗಳೂ ಒಳಗೆ ಕಾಲಿಡುವುದಿಲ್ಲ.

ನೆಲದಲ್ಲಿ ಏನು ಕಂಡರೂ ಎತ್ತಿಕೊಳ್ಳಬಾರದು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಗೈಡ್ ದಾರಿ ಬದಿಯಲ್ಲಿ ಬಗ್ಗಿ ಒಂದು ಮಡಕೆ ಚೂರನ್ನು ಮುಟ್ಟದೆ ತೋರಿಸಿದರು. ಎರಡು ಬೆರಳಿನ ಅಗಲ, ಬೂದು ಬಿಳುಪು, ಮೇಲೆ ನಾಲ್ಕು ಕಪ್ಪು ಗೆರೆ. ಗೆರೆಗಳು ಒಂದಕ್ಕೊಂದು ತಾಗದ ಹಾಗೆ, ಕೂದಲೆಳೆಯಷ್ಟು ಸಂದಿ ಬಿಟ್ಟು ಎಳೆದವು. ಗಿಡದ ಸೊಪ್ಪು ಕುದಿಸಿ ಗಟ್ಟಿ ಮಾಡಿದ ಕಪ್ಪನ್ನು ಯುಕ್ಕಾ ಎಲೆಯ ನಾರಿನ ಕುಂಚದಲ್ಲಿ ಅದ್ದಿ ಬರೆಯುತ್ತಿದ್ದರಂತೆ. ಸುತ್ತಲಿನ ಸೀಮೆಯಲ್ಲಿ 19ನೇ ಶತಮಾನದ ಕೊನೆಗೆ ಇಂಥದ್ದನ್ನೆಲ್ಲ ಗಾಡಿಗಟ್ಟಲೆ ಹೊತ್ತುಕೊಂಡು ಹೋದರು. ಮೆಸಾ ವರ್ಡೆಯಿಂದ 1891ರಲ್ಲಿ ನೂರ್ಡೆನ್‌ಶೋಲ್ಡ್ ಅನ್ನುವ ಯುವಕ ಸಾಗಿಸಿದ ಸಂಗ್ರಹ ಫಿನ್ಲೆಂಡ್ ಸೇರಿತು. ತಡೆಯುವ ಕಾನೂನೇ ಆಗ ಇರಲಿಲ್ಲ, ಬಂದಿದ್ದು 1906ರಲ್ಲಿ. ಆ ಸಂಗ್ರಹದಲ್ಲಿದ್ದ ಮನುಷ್ಯರ ಅಸ್ಥಿಗಳು ಮೆಸಾ ವರ್ಡೆಗೆ ವಾಪಸ್ ಬಂದು ಮತ್ತೆ ಮಣ್ಣಾಗಿದ್ದು 2020ರಲ್ಲಿ.

ವಾಪಸ್ ಬರುವಾಗ ಗೈಡ್ ತಮ್ಮ ಅಜ್ಜಿಯ ಹೊಲದ ಹತ್ತಿರ ಗಾಡಿ ನಿಲ್ಲಿಸಿದರು. ಬೇಲಿಯೊಳಗೆ ಮೆಕ್ಕೆಜೋಳ, ಮೊಣಕಾಲೆತ್ತರ, ಸಾಲಿನಲ್ಲಿಲ್ಲ, ಗುಂಪು ಗುಂಪಾಗಿ, ಗುಂಪಿಗೂ ಗುಂಪಿಗೂ ಒಂದು ಮಾರಿನಷ್ಟು ದೂರ. ಅಮ್ಮ ಬೇಲಿ ಹಿಡಿದು ನೋಡುತ್ತಾ ನಿಂತರು. ಇಷ್ಟು ದೂರ ದೂರ ಯಾಕೆ ಅಂತ ಕೇಳು ಅಂದರು, ಕೇಳಿದೆ. ಮಳೆ ಕಡಿಮೆ, ಪಸೆ ಇರುವುದು ಆಳದಲ್ಲಿ, ಅದಕ್ಕೆ ಕೋಲಿನಿಂದ ಒಂದಡಿ ಗುಂಡಿ ಮಾಡಿ ಒಂದೇ ಗುಂಡಿಗೆ ಹಲವು ಬೀಜ ಹಾಕುತ್ತೇವೆ, ಹತ್ತಿರ ಹತ್ತಿರ ಹಾಕಿದರೆ ಎಲ್ಲಕ್ಕೂ ನೀರು ಸಾಲುವುದಿಲ್ಲ ಅಂದರು. ಎಷ್ಟು ಬೀಜ ಅಂತ ಅಮ್ಮ ಕನ್ನಡದಲ್ಲೇ ಕೇಳಿದರು. ಅವರಿಗೆ ಹೇಗೆ ಅರ್ಥವಾಯಿತೋ, ಅಂಗೈ ಬಗ್ಗಿಸಿ, ಅದರಲ್ಲಿ ಹಿಡಿಯುವಷ್ಟು ಅಂತ ತೋರಿಸಿದರು.